ಹಿಂದಕ್ಕೆ ಮುಖ ಮಾಡಿದ ಸೀಟು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಳಕಲ್ಲಿನ ಆ ಮನೆಯಲ್ಲಿ ಎಲ್ಲರೂ ಅವರನ್ನು ಅಕ್ಕಾವ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಮಣ್ಣಿಗೆ ಹೋಗಿದ್ದೆ. ಆಗ ಅಳು ಬರಲಿಲ್ಲ. ಈಗಲೂ ಬರುವುದಿಲ್ಲ.

ಇತ್ತೀಚೆಗೆ ಬಾಗಲಕೋಟೆಯ ನವನಗರದಲ್ಲಿ ಆ ಮನೆತನದವರ ತೊಟ್ಟಿಲ ಕಾರ್ಯವಿತ್ತು. ಹಳೆಯ ಡ್ರೈವರ್ ಎಂದು ನನ್ನನ್ನೂ ಕರೆದಿದ್ದರು. ಪಡಸಾಲೆಯ ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇದೆ. ಉದ್ದನೆಯ ಕಾರೊಂದರ ಮುಂದೆ ರುಮಾಲು ಸುತ್ತಿದ ಗಂಡಸರು ನಿಂತಿದ್ದಾರೆ. ಕಾರಿನ ಹಿಂಭಾಗದ ಗಾಜಿನೊಳಗೆ ಒಬ್ಬ ಹೆಂಗಸಿನ ಅರ್ಧ ಮುಖ ಕಾಣುತ್ತದೆ. ಹೊಸದಾಗಿ ಬಂದ ಸೊಸೆ ಅದನ್ನು ನೋಡುತ್ತ ಕೇಳಿದಳು:

"ಇವ್ರ ಯಾರ್ರಿ, ಎಲ್ಲಾರೂ ಹೊರಗ ನಿಂತಾರ, ಇವ್ರೊಬ್ರ ಗಾಡ್ಯಾಗ ಕುಂತಾರ?"

ಹೋಳಿಗೆ ತಿನ್ನುತ್ತಿದ್ದ ಸಂಬಂಧಿಕನೊಬ್ಬ ಅಂದ: "ಅಕಿನಾ? ನಮ್ಮ ಅಮ್ಮಂದು ಮದಲಿನ ಸಂಬಂಧ ಮುರದಾಕಿ. ಭಾಳ ಕೆಟ್ಟ ಕಾಲ್ಗುಣ ಅಂತ. ಅದಕ್ಕ ನೋಡು, ಫೋಟೋದಾಗೂ ಒಳಗ ಕುಂದ್ರಿಸ್ಯಾರ."

ಎಲ್ಲರೂ ನಕ್ಕರು. ಅವನು 'ಅಮ್ಮ' ಎಂದದ್ದು ನಾನು ಗಾಡಿ ಓಡಿಸುತ್ತಿದ್ದ ಸಾಹುಕಾರರ ಮಗಳಿಗೆ. ಈಗ ಎಂಬತ್ತು ದಾಟಿದವರು. ಅಲ್ಲೇ ಕುರ್ಚಿಯ ಮೇಲೆ ಕುಳಿತಿದ್ದರು. ನಾನು ಎಲೆಯಲ್ಲಿದ್ದ ಹೋಳಿಗೆ ಮುಗಿಸಿ ಕೈ ತೊಳೆದು ಮನೆಗೆ ಬಂದೆ.

ಆ ಸಂಬಂಧವನ್ನು ಅಕ್ಕಾವ್ರು ಮುರಿಯಲಿಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಅವರು ಹೇಗಿದ್ದರು ಎಂದು ಹೇಳಬೇಕು. ಅವರು ಹೇಗಿದ್ದರು ಎಂದು ಹೇಳಲು ಗಾಡಿಯ ವಿಷಯ ಹೇಳಲೇಬೇಕು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಸಾಹುಕಾರರದು ಸೀರೆಯ ವ್ಯಾಪಾರ. ಮುಂಬಯಿಗೆ ಹೋದಾಗ, ಸ್ವದೇಶಕ್ಕೆ ಮರಳುತ್ತಿದ್ದ ಅಮೆರಿಕದ ಎಂಜಿನಿಯರನೊಬ್ಬ ಮಾರಿದ ಸ್ಟೇಷನ್ ವ್ಯಾಗನ್ ಕೊಂಡರು. ಅಂಥ ಗಾಡಿ ನಮ್ಮ ಸೀಮೆಯಲ್ಲಿ ಯಾರೂ ನೋಡಿರಲಿಲ್ಲ. ಮುಂದಿನಿಂದ ಕಾರು, ಹಿಂದಿನಿಂದ ಲಾರಿ. ಸ್ಟಿಯರಿಂಗು ಎಡಕ್ಕೆ. ಗೇರಿಗೆ ಕೋಲು ಇರಲಿಲ್ಲ, ಗುಂಡಿಗಳಿದ್ದವು. ಗುಂಡಿಯ ಮೇಲಿನ ಇಂಗ್ಲಿಷ್ ಅಕ್ಷರ ಓದಬಲ್ಲ ಡ್ರೈವರ್ ಬೇಕು ಎಂದು, ಬಾಗಲಕೋಟೆಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಮುಗಿಸಿ ಮೋಟಾರು ಸರ್ವಿಸಿನಲ್ಲಿದ್ದ ನನ್ನನ್ನು ಕರೆದರು. ಗಾಡಿ ತರಲು ನನ್ನನ್ನೇ ಮುಂಬಯಿಗೆ ಕಳಿಸಿದರು.

ಗಾಡಿಯ ಎರಡೂ ಪಕ್ಕಕ್ಕೆ ಕಟ್ಟಿಗೆಯ ಹಲಗೆ ಹೊಡೆದಂತೆ ಕಾಣುತ್ತಿತ್ತು. ಹುನಗುಂದದ ಬಡಿಗ ಬಂದು ಉಗುರಿನಿಂದ ಕೆರೆದು ನೋಡಿ, "ಇದು ಕಟ್ಟಿಗಿ ಅಲ್ಲೋ ಮಾರಾಯಾ, ಕಾಗದ. ಅಮೇರಿಕಾದಾಗೂ ಮೋಸ ಐತಿ" ಎಂದು ಹೋದ. ನೆತ್ತಿಯ ಮೇಲೆ ಗಂಟು ಕಟ್ಟಲು ಬೆಳ್ಳಿಯಂತೆ ಹೊಳೆಯುವ ಕಂಬಿಗಳು. ಹೆಚ್ಚಿನ ಗಾಲಿ, ಅಂದರೆ ಸ್ಟೆಪ್ನಿ, ಹೊರಗೆಲ್ಲೂ ಕಾಣದಂತೆ ಪಕ್ಕದ ಗೋಡೆಯೊಳಗೆ ಅಡಗಿತ್ತು. ನಡುವಿನ ಸೀಟನ್ನು ಮಡಚಿದರೆ ನೆಲಕ್ಕೆ ಸಮವಾಗಿ ಕೂತುಬಿಡುತ್ತಿತ್ತು, ಆಗ ಸೀರೆಯ ಗಂಟುಗಳನ್ನು ಮಂಚದ ಮೇಲೆ ಇಟ್ಟಂತೆ ಇಡಬಹುದಿತ್ತು. ಬಿಸಿಗಾಳಿ ಬಿಡುವ ಯಂತ್ರವೂ ಇತ್ತು. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಅದನ್ನು ಹಚ್ಚಿ ತೋರಿಸಿದೆ. ಸಾಹುಕಾರರು ಕೈಮುಗಿದರು:

"ಬಂದ್ ಮಾಡೋ. ಇಳಕಲ್ಲ ಬಿಸಲಾಗ ಹುಟ್ಟಿದಾವ ನಾ, ಬಿಸಿಗಾಳಿಗೆ ಮುಂಬೈಗೆ ಹೋಗಿ ರೊಕ್ಕಾ ಕೊಟ್ಟು ಬಂದೀನಿ ಅಂದ್ರ ಮಂದಿ ಮೂಗಿನ್ಯಾಗ ನಗ್ತಾರ."

ಜನ ನೋಡಲು ಬರುತ್ತಿದ್ದದ್ದು ಹಿಂದಿನ ಬಾಗಿಲನ್ನು. ಅದು ಎರಡು ಭಾಗ. ಮೇಲಿನದು ಗಾಜು. ಡ್ರೈವರ್ ಕುಳಿತಲ್ಲಿಂದಲೇ ಒಂದು ಸ್ವಿಚ್ ಒತ್ತಿದರೆ ಗಾಜು ಗುಂಯ್ ಎನ್ನುತ್ತ ಕೆಳಭಾಗದ ಒಳಗೆ ಇಳಿದು ಹೋಗುತ್ತಿತ್ತು. ಆಮೇಲೆ ಕೆಳಭಾಗ ಹಲಗೆಯಂತೆ ಹೊರಕ್ಕೆ ಬಿದ್ದು ನಿಲ್ಲುತ್ತಿತ್ತು. ಗಾಡಿಯನ್ನು ನನ್ನ ಕೈಗೆ ಕೊಟ್ಟ ಮುಂಬಯಿಯ ಮೇಸ್ತ್ರಿ ಅದರ ಬಗ್ಗೆ ಒಂದು ಮಾತು ಹೇಳಿದ್ದ. ಹಿಂದಿನ ಗಾಜು ಇಳಿಸಿ ಓಡಿಸುವುದಿದ್ದರೆ ಮುಂದಿನ ಕಿಟಕಿಗಳನ್ನೂ ತೆರೆದಿರಬೇಕು. ಇಲ್ಲದಿದ್ದರೆ ಗಾಡಿಯ ಬೆನ್ನಿನ ಗಾಳಿ ಸುತ್ತಿ ಒಳಗೆ ಬರುತ್ತದೆ, ಧೂಳನ್ನೂ ಹೊಗೆಯನ್ನೂ ಎಳೆದು ತರುತ್ತದೆ. ನಾನು ತಲೆಯಾಡಿಸಿದ್ದೆ.

ಆ ಬಾಗಿಲಿಗೆ ಹತ್ತಿಕೊಂಡು ಮೂರನೆಯ ಸೀಟು ಇತ್ತು. ಅದು ಹಿಂದಕ್ಕೆ ಮುಖ ಮಾಡಿತ್ತು. ಅಲ್ಲಿ ಕುಳಿತವರ ಬೆನ್ನು ನಡುವಿನ ಸೀಟಿನವರ ಬೆನ್ನಿಗೆ ಬರುತ್ತಿತ್ತು. ಅದು ಅಕ್ಕಾವ್ರ ಸೀಟು.

ಅಕ್ಕಾವ್ರು ಸಾಹುಕಾರರ ಅಕ್ಕ. ಮದುವೆಯಾಗಿ ಗಂಡನ ಮನೆಗೆ ಹೋಗುವ ಮೊದಲೇ ಗಂಡ ತೀರಿಕೊಂಡಿದ್ದ. ತವರಿನಲ್ಲೇ ಉಳಿದರು. ತಮ್ಮನನ್ನು ಎತ್ತಿ ಆಡಿಸಿದರು, ಆಮೇಲೆ ತಮ್ಮನ ಮಗಳನ್ನು ಬೆಳೆಸಿದರು. ಆ ಮನೆಯವರು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಶರಣರ ವಚನ ಓದುತ್ತಿದ್ದರು. ಆದರೂ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅಕ್ಕಾವ್ರು ತಾವಾಗಿಯೇ ಎದ್ದು ನಡುಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಬೇಡ ಎಂದೂ ಹೇಳುತ್ತಿರಲಿಲ್ಲ.

ಗಾಡಿ ಬಂದ ದಿನ ಸಾಹುಕಾರರು ಮೂರನೆಯ ಸೀಟನ್ನು ಬಿಚ್ಚಿಸಿ ಅಕ್ಕನನ್ನು ಕರೆದರು. "ನೋಡ ಅಕ್ಕಾ, ನಿನಗಂತ ಬ್ಯಾರೆ ಸೀಟ ಐತಿ. ಮಾರಿ ಹಿಂದಕ್ಕ. ಎದರಿಗೆ ಬರೂ ಮಂದೀಗೂ ಕಾಣೂದಿಲ್ಲ, ನಮಗೂ ಚಿಂತಿಲ್ಲ. ಇನ್ನ ನೀ ಎಲ್ಲಿಗೆ ಬೇಕಾದ್ರೂ ಬರಬೌದು."

ಪ್ರೀತಿಯಿಂದಲೇ ಹೇಳಿದ್ದು. ಅವರ ಕಣ್ಣು ತುಂಬಿತ್ತು. ಅಕ್ಕಾವ್ರು ಸೀಟಿನ ಮೇಲೆ ಕೈಯಾಡಿಸಿ, "ಅಮೇರಿಕಾದಾಗೂ ನನ್ನಂಥಾಕಿ ಒಬ್ಬಾಕಿ ಇರಬೇಕ ಬಿಡು. ಇಲ್ಲಂದ್ರ ಯಾಕ ಮಾಡ್ತಿದ್ರು?" ಅಂದರು. ಎಲ್ಲರೂ ನಕ್ಕರು. ಅವರೂ ನಕ್ಕರು.

ಅಲ್ಲಿಂದ ಅವರು ಊರೂರು ನೋಡಿದರು. ಗುಳೇದಗುಡ್ಡಕ್ಕೆ ಖಣದ ಬಟ್ಟೆ ತರಲು, ಬಾಗಲಕೋಟೆಯ ಪೇಟೆಗೆ, ಹುನಗುಂದದ ಸಂತೆಗೆ. ಒಂದು ಕಾಲು ಮಡಚಿ, ಸೆರಗನ್ನು ತಲೆಯ ತುಂಬ ಹೊದ್ದು, ಎರಡು ಬೆರಳ ನಡುವೆ ಯಾವುದಾದರೂ ನೂಲನ್ನು ಹೊಸೆಯುತ್ತ ಕೂಡುತ್ತಿದ್ದರು. ಸೀಟಿನ ಕೆಳಗಿನ ನೆಲದಲ್ಲಿ ಮುಚ್ಚಳವಿದ್ದ ಒಂದು ಗುಳಿ ಇತ್ತು. ಅಮೆರಿಕದವರು ಅದರಲ್ಲಿ ಏನಿಡುತ್ತಿದ್ದರೋ ತಿಳಿಯದು. ಅಕ್ಕಾವ್ರು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಚೀಲ ಪುಟಾಣಿ, ಅಂದರೆ ಹುರಿಗಡಲೆ, ಇಡುತ್ತಿದ್ದರು. ಆ ಪುಟಾಣಿ ಇದ್ದದ್ದು ಹುಡುಗರಿಗೆ. ಗಾಡಿಯ ಬೆನ್ನು ಹತ್ತಿ ಓಡಿ ಬರುವ ಹುಡುಗರು ಅವರೊಬ್ಬರಿಗೇ ಕಾಣುತ್ತಿದ್ದರು. ಅಮೀನಗಡದ ಹುಡುಗರು ಅವರಿಗೆ 'ಹಿಂದ ನೋಡು ಅವ್ವ' ಎಂದು ಹೆಸರಿಟ್ಟಿದ್ದರು.

ನಾನು ಮುಂದೆ ನೋಡಿ ಓಡಿಸುತ್ತಿದ್ದೆ. ಬಿಟ್ಟು ಬಂದದ್ದರ ಸುದ್ದಿ ಅವರು ಹೇಳುತ್ತಿದ್ದರು. "ನಾಯಿ ಬದುಕೇತೋ ತಮ್ಮಾ." "ಎಮ್ಮಿ ಕಾಯೂ ಮುದುಕ ನಿನಗ ಬಯ್ಯಾಕತ್ಯಾನ, ಕೈ ಮಾಡಿ ಬಯ್ಯಾಕತ್ಯಾನ, ನಿಲ್ಲಸಬ್ಯಾಡ." ದಾರಿಯ ಕಲ್ಲುಗಳ ಮೇಲೆ ನಾವು ಬಾದಾಮಿ ಇನ್ನೆಷ್ಟು ಮೈಲಿ ಎಂದು ಓದಿದರೆ, ಅವರು ಆ ಕಲ್ಲಿನ ಇನ್ನೊಂದು ಮೈ ನೋಡಿ ಇಳಕಲ್ ಎಷ್ಟು ಮೈಲಿ ಎಂದು ಓದುತ್ತಿದ್ದರು. ಅಕ್ಷರ ಕಲಿತದ್ದು ತಮ್ಮನ ಮಗಳಿಂದ. ಆ ಹುಡುಗಿ ನಡುವಿನ ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ ಅತ್ತೆಯ ಹೆಗಲ ಮೇಲೆ ಗದ್ದ ಇಟ್ಟುಕೊಂಡೇ ದಾರಿ ಕಳೆಯುತ್ತಿದ್ದಳು.

ಗಾಡಿ ನಿಲ್ಲಿಸಬೇಕೆಂದರೆ ಅಕ್ಕಾವ್ರು ಕೂಗುತ್ತಿರಲಿಲ್ಲ. ಪಕ್ಕದ ತಗಡನ್ನು ಬೆರಳ ಗಿಣ್ಣಿನಿಂದ ಕಟಕಟ ಬಡಿಯುತ್ತಿದ್ದರು. ನಾನು ನಿಲ್ಲಿಸುತ್ತಿದ್ದೆ. ಸುಮ್ಮಸುಮ್ಮನೆ ಅವರು ಎಂದೂ ಬಡಿದವರಲ್ಲ.

ಒಮ್ಮೆ ಸೆಕೆಗೆ ಹಿಂದಿನ ಗಾಜು ಇಳಿಸಿದ್ದೆ. ಬಾಗಲಕೋಟೆ ಮುಟ್ಟುವಷ್ಟರಲ್ಲಿ ಅವರ ಹುಬ್ಬು, ಸೆರಗು, ಮಡಿಲಲ್ಲಿದ್ದ ಸೀರೆ ಎಲ್ಲ ಕೆಂಪು ಧೂಳು. "ಮುಂದ ಹೋಗೂ ಗಾಡಿಗೆ ಹಿಂದಿನ ಧೂಳ ಹೆಂಗ ಬರ್ತೈತೋ?" ಅಂದರು. ಮೇಸ್ತ್ರಿ ಹೇಳಿದ್ದನ್ನು ಅವರಿಗೆ ವಿವರಿಸಿದೆ. ಅವರು ತಲೆದೂಗಿ, "ಹಂಗಾದ್ರ ಮುಚ್ಚೇ ಇರ್ಲಿ ಬಿಡು" ಅಂದರು. ಅಂದರೆ ಗಾಜು ಇಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮರೆತಿರಲೂ ಇಲ್ಲ.

ಆ ಹುಡುಗಿಗೆ ಬಾದಾಮಿಯ ಒಂದು ಒಳ್ಳೆಯ ಮನೆಯಿಂದ ಸಂಬಂಧ ಬಂತು. ಶ್ರಾವಣದ ಒಂದು ಸೋಮವಾರ ಗಂಡಿನ ಮನೆಯಲ್ಲಿ ಮಾತು ಮುಗಿಸಿ, ಸಂಜೆ ಮಹಾಕೂಟಕ್ಕೆ ಹೋಗಿ ಬರುವುದೆಂದು ಗೊತ್ತಾಯಿತು. ಅಂಥ ಕಾರ್ಯಕ್ಕೆ ಅಕ್ಕಾವ್ರನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಹುಡುಗಿ ಹಟ ಹಿಡಿದಳು.

"ಅತ್ತಿ ಬರದಿದ್ರ ನಾನೂ ಒಲ್ಲೆ."

"ಹುಚ್ಚಿ ಹಂಗ ಮಾಡಬ್ಯಾಡ," ಅಂದರು ತಾಯಿ, ಸಾಹುಕಾರರ ಹೆಂಡತಿ. "ಗಂಡಿನ ಮನಿಯವರು ಬಾಗಲಾಗ ನಿಂತಿರ್ತಾರ. ಮದಲ ಮಾರಿ ಯಾರದ ಕಾಣಬೇಕು?"

"ಅತ್ತಿ ಮಾರಿ ಹಿಂದಕ್ಕ ಇರ್ತೈತಲ್ಲ. ನೀವ ಹೇಳಿದ್ದು."

ಕೊನೆಗೆ, ಗಂಡಿನ ಮನೆಯ ಮುಂದೆ ಎಲ್ಲರೂ ಇಳಿದು ಒಳಗೆ ಹೋಗುವುದು, ಅಕ್ಕಾವ್ರು ಗಾಡಿಯಲ್ಲೇ ಇರುವುದು, ಆಮೇಲೆ ಮಹಾಕೂಟಕ್ಕೆ ಎಲ್ಲರೂ ಕೂಡಿ ಹೋಗುವುದು ಎಂದು ಒಪ್ಪಿದರು. ಅಕ್ಕಾವ್ರಿಗೆ ಅಷ್ಟೇ ಸಾಕಾಗಿತ್ತು. ಹುಡುಗಿ ಉಡುವ ಸೀರೆಯನ್ನು ಅವರೇ ಆರಿಸಿದ್ದರು. ಮೈ ದಾಳಿಂಬೆ ಬಣ್ಣ, ಸೆರಗು ಕೆಂಪು. ಮೈಯ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕುವ ಕಡೆ ಮಗ್ಗದ ಹತ್ತಿರ ತಾವೇ ನಿಂತು ಮಾಡಿಸಿದ್ದರು. ಅಂದು ಸೋಮವಾರದ ಉಪವಾಸ ಬೇರೆ. ನೀರು ಮಾತ್ರ ಕುಡಿದು ಹತ್ತಿದರು.

ಹೂವಿನ ಹಾರಗಳ ಬುಟ್ಟಿಯನ್ನು ಅವರ ಪಕ್ಕದಲ್ಲಿ ಇಟ್ಟಿದ್ದೆವು. ಹುನಗುಂದ ದಾಟಿದ ಮೇಲೆ ಬಿಸಿಲು ಏರಿತು. ಧೂಳು ಬರುತ್ತದೆಂದು ಮುಂದಿನ, ನಡುವಿನ ಕಿಟಕಿಗಳನ್ನು ಸಾಹುಕಾರರ ಹೆಂಡತಿ ಮುಚ್ಚಿಸಿದ್ದರು. ಮಗಳ ಮುಖಕ್ಕೆ ಪೌಡರ್ ಹಚ್ಚಿತ್ತು. ಅವರಿಗೆ ಹೂವಿನ ಚಿಂತೆ ಹತ್ತಿತು.

"ಹಾರ ಬಾಡ್ತಾವ. ಹಿಂದಿನ ಗಾಜ ಇಳಸೋ."

ಹಿಂದಿನಿಂದ ಅಕ್ಕಾವ್ರು ಅಂದರು, "ಧೂಳ ಬರ್ತೈತವ್ವಾ."

"ಬಂದ್ರ ಹಿಂದ ಬರ್ತೈತಿ. ಮುಂದ ಬರೂದಿಲ್ಲಲ್ಲ."

ನಾನು ಸ್ವಿಚ್ ಒತ್ತಿದೆ. ಗಾಜು ಗುಂಯ್ ಎನ್ನುತ್ತ ಇಳಿಯಿತು.

ಅಮೀನಗಡದ ಆಚೆ ಒಂದು ಹಳ್ಳವಿತ್ತು. ಮಳೆಗೆ ಕಲ್ಲು ಎದ್ದಿದ್ದವು. ಆ ಗಾಡಿಯ ಹೊಟ್ಟೆ ಕೆಳಗೆ. ಒಂದು ಕಲ್ಲು ಜೋರಾಗಿ ಬಡಿಯಿತು. ಇಳಿದು ಬಗ್ಗಿ ನೋಡಿದೆ. ಹೊಗೆಯ ಕೊಳವೆ ಬಿರುಕು ಬಿಟ್ಟು ಜೋತುಬಿದ್ದಿತ್ತು. ತಂತಿಯಿಂದ ಎತ್ತಿ ಕಟ್ಟಿದೆ. ಹೊಗೆ ಗಾಡಿಯ ನೆಲದ ಕೆಳಗೇ ಬರುತ್ತಿತ್ತು, ಕೈಗೆ ಬಿಸಿ ತಗುಲಿತು. ಸಾಹುಕಾರರು ಕೇಳಿದರು, "ಏನಾತೋ?"

"ಏನಿಲ್ರಿ. ಕಲ್ಲ ಬಡೀತ್ರಿ."

ಕೊಳವೆ ಒಡೆದಿದೆ ಎಂದರೆ ನಿನಗೆ ಓಡಿಸಲು ಬರುವುದಿಲ್ಲ ಎನ್ನುತ್ತಿದ್ದರು. ಒಳ್ಳೆಯ ವೇಳೆಯೂ ಮೀರುತ್ತಿತ್ತು. ಗಾಜನ್ನಾದರೂ ಏರಿಸಬಹುದಿತ್ತು. ಸ್ವಿಚ್ ಬೆರಳಿನ ಹತ್ತಿರವೇ ಇತ್ತು. ಏರಿಸಿದರೆ ಯಾಕೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ ಎಂದು ಬಿಟ್ಟೆ.

ಗುಳೇದಗುಡ್ಡ ದಾಟಿದ ಮೇಲೆ ಹಿಂದಿನಿಂದ ಕಟಕಟ ಸದ್ದು ಬಂತು. ಮೆಲ್ಲಗಿತ್ತು. ನಾನು ಗುಂಡಿಯ ಕಡೆ ಕೈ ಒಯ್ದು ಸಾಹುಕಾರರ ಮುಖ ನೋಡಿದೆ.

"ನಡಿ ನಡಿ. ವ್ಯಾಳ್ಯಾ ಮೀರ್ತೈತಿ," ಅಂದರು. ಆಮೇಲೆ ದನಿ ತಗ್ಗಿಸಿ, "ಇಲ್ಲಿ ನಿಲ್ಲಿಸಿದ್ರ ಅಕಿ ಇಳೀತಾಳ. ಇಳಿದು ಎದರಿಗೆ ಬಂದಂಗ ಆಗ್ತೈತಿ. ಊರ ಮುಟ್ಟಲಿ."

ನಾನು ನಡೆಸಿದೆ. ಸದ್ದು ಮತ್ತೆ ಬರಲಿಲ್ಲ. ಕನ್ನಡಿಯಲ್ಲಿ ಅವರ ತಲೆಯ ಹಿಂಭಾಗ, ಹೊದ್ದ ಸೆರಗು ಕಾಣುತ್ತಿತ್ತು. ಪಕ್ಕಕ್ಕೆ ವಾಲಿತ್ತು. ಉಪವಾಸ, ಸೆಕೆ, ಕಣ್ಣು ಹತ್ತಿರಬೇಕು ಎಂದುಕೊಂಡೆ. ನಮಗೂ ತಲೆ ಸಿಡಿಯುತ್ತಿತ್ತು. ಬಿಸಿಲಿಗೆ ಎಂದುಕೊಂಡೆವು. ಹುಡುಗಿ ಅಂದು ಹಿಂದಕ್ಕೆ ತಿರುಗಿ ಕೂಡುವಂತಿರಲಿಲ್ಲ. ಸೀರೆ ಸುಕ್ಕಾಗುತ್ತದೆಂದು ನೆಟ್ಟಗೆ ಕೂಡಿಸಿದ್ದರು. ಅವಳ ಬೆನ್ನಿನ ಹಿಂದೆಯೇ ಅತ್ತೆಯ ಬೆನ್ನು ಇತ್ತು.

ಗಂಡಿನ ಮನೆಯವರು ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ಇಳಿದರು. ಹಾರದ ಬುಟ್ಟಿ ತಾ ಎಂದರು. ನಾನು ಹಿಂದಕ್ಕೆ ಹೋಗಿ ಬಾಗಿಲಿನ ಕೆಳಭಾಗವನ್ನು ಬಿಚ್ಚಿದೆ. ಅಕ್ಕಾವ್ರು ಅದಕ್ಕೆ ಒರಗಿದ್ದರು. ಹಲಗೆ ಬಿದ್ದ ಕೂಡಲೇ ಹಾರಗಳ ಜತೆಗೆ ಅವರೂ ಹೊರಕ್ಕೆ ಜಾರಿ, ನಾನು ಹಿಡಿಯುವುದರೊಳಗೆ ನೆಲಕ್ಕೆ ಬಂದರು. ಸೆರಗು ಸರಿದಿತ್ತು. ಬಾಯಿಯಿಂದ ನೊರೆ. ಮುಖ ಕೆಂಪೇರಿತ್ತು, ಯಾರೋ ಕುಂಕುಮ ಬಳಿದಂತೆ.

ಬಾಗಿಲಲ್ಲಿದ್ದ ಹಿರಿಯ ಹೆಂಗಸು ಆರತಿಯ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ದವಾಖಾನೆಗೆ ಒಯ್ದೆವು. ಉಪವಾಸವಿದ್ದರು ಎಂದು ಸಾಹುಕಾರರು ಹೇಳಿದರು. ಡಾಕ್ಟರು ಅವರ ಕಣ್ಣು ಬಿಡಿಸಿ ನೋಡಿ, ಸೀರೆಯ ಸೆರಗು ಮೂಸಿ, ನನ್ನ ಕಡೆ ತಿರುಗಿದರು. "ಡ್ರೈವರ್ ನೀನೇನು? ಗಾಡ್ಯಾಗ ಹೊಗಿ ಬರ್ತಿತ್ತೇನು?"

ಸಾಹುಕಾರರು ನನ್ನನ್ನು ನೋಡಿದರು.

"ಇಲ್ರಿ," ಅಂದೆ.

ಅಷ್ಟೇ ಮಾತು. ಅದನ್ನು ಹೇಳುವಾಗ ದನಿ ನಡುಗಲಿಲ್ಲ. ಮರುದಿನ ಬಾಗಲಕೋಟೆಗೆ ಹೋಗಿ ಕೊಳವೆಗೆ ಬೆಸುಗೆ ಹಾಕಿಸಿಕೊಂಡು ಬಂದೆ.

ಬಾದಾಮಿಯವರು ಮುಂದೆ ನೋಡೋಣ ಎಂದು ಹೇಳಿ ಕಳಿಸಿದರು. ಮತ್ತೆ ನೋಡಲಿಲ್ಲ. ಮೊದಲು ಸಾಹುಕಾರರ ಹೆಂಡತಿ ಅಂದರು, ಆಮೇಲೆ ಓಣಿಯವರು ಅಂದರು, ಆಮೇಲೆ ಎಲ್ಲರೂ ಅಂದರು: ಹಿಂದಕ್ಕೆ ಮುಖ ಮಾಡಿ ಕೂಡಿಸಿದರೂ ಆಕೆಯ ಮುಖವೇ ಮುಂದೆ ಬಂತು. ಒಡೆದ ಕೊಳವೆ, ಇಳಿದ ಗಾಜು ಎಂದು ನಾನೊಂದು ಮಾತು ಹೇಳಿದ್ದರೆ ಅದು ಗಾಡಿಯ ದೋಷವಾಗುತ್ತಿತ್ತು, ನನ್ನ ದೋಷವಾಗುತ್ತಿತ್ತು. ಹೇಳದ್ದಕ್ಕೆ ಅದು ಅವರ ಹಣೆಬರಹವಾಯಿತು.

ಅಕ್ಕಾವ್ರು ಉಳಿದರು. ಆದರೆ ಕೈಬೆರಳು ಮೊದಲಿನಂತಾಗಲಿಲ್ಲ. ನೂಲು ಕೊಟ್ಟರೆ ಹಿಡಿದುಕೊಂಡು ಕೂಡುತ್ತಿದ್ದರು, ಹೊಸೆಯುತ್ತಿರಲಿಲ್ಲ. ಮಾತಿನ ನಡುವೆ ನಿಂತುಬಿಡುತ್ತಿದ್ದರು. ಗಾಡಿ ಹತ್ತಲಿಲ್ಲ. ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾದಾಗ, ಅವಳು ಎಷ್ಟು ಕರೆದರೂ ನಡುಮನೆಯ ಬಾಗಿಲು ತೆರೆಯಲಿಲ್ಲ. ಆ ಮದುವೆಯ ಹಿಂದಿನ ದಿನ ಹಿತ್ತಲಲ್ಲಿ ನನ್ನನ್ನು ಕರೆದರು.

"ತಮ್ಮಾ, ಅವತ್ತ ಏನಾತೋ? ನೀ ಇದ್ದೆಲ್ಲ. ನಾ ಏನರ ಮಾಡಿದ್ನೇನು?"

"ಏನಿಲ್ರಿ ಅಕ್ಕಾವ್ರ. ಉಪಾಸ ಇದ್ರಿ. ಚಕ್ಕರ್ ಬಂತ್ರಿ."

"ಉಪಾಸ ಹಿಡದಾಕಿ ನಾನ. ಹಂಗಾದ್ರ ನನ್ನಿಂದ ಆತು," ಅಂದರು. ಆಮೇಲೆ, "ನಿನಗ ಬಡದಿದ್ದು ಕೇಳಿಲ್ಲೇನು?" ಅಂದರು.

"ಇಲ್ರಿ," ಅಂದೆ.

ಅದು ಎರಡನೆಯ 'ಇಲ್ರಿ', ಅದೂ ಸುಳ್ಳು. ಗಾಡಿಯನ್ನು ಕೆಲವು ವರ್ಷಗಳ ನಂತರ ಮಾರಿದರು. ನಾನು ಬೇರೆ ಕೆಲಸ ಹಿಡಿದೆ. ಮದುವೆ, ಮಕ್ಕಳು, ಬಾಗಲಕೋಟೆಯ ಹಳೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ನವನಗರದ ಮನೆ, ಎಲ್ಲ ಆಯಿತು. ಪಶ್ಚಾತ್ತಾಪ ಎಂದರೆ ಎದೆ ಸುಡುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನಂತೆ ಒಂದು ಜಾಗ ಜೋಮು ಹಿಡಿದಿತ್ತು, ಅಷ್ಟೇ.

ತೊಟ್ಟಿಲ ಕಾರ್ಯ ಮುಗಿದ ವಾರದಲ್ಲಿ ನಾನು ಮತ್ತೆ ಆ ಮನೆಗೆ ಹೋದೆ. ಸಾಹುಕಾರರ ಮಗಳು ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದರು. ನಾನು ಕೂಡದೆ ನಿಂತೇ ಹೇಳಿದೆ. ಕಲ್ಲು ಬಡಿದದ್ದು, ಕೊಳವೆ ಕಟ್ಟಿದ್ದು, ಗಾಜು ಏರಿಸದೆ ಬಿಟ್ಟದ್ದು, ಬಡಿದ ಸದ್ದು ಕೇಳಿಯೂ ನಿಲ್ಲಿಸದ್ದು, ಡಾಕ್ಟರಿಗೆ ಇಲ್ಲ ಎಂದದ್ದು, ಅಕ್ಕಾವ್ರಿಗೂ ಇಲ್ಲ ಎಂದದ್ದು.

ಅವರ ಕೈ ನಿಲ್ಲಲಿಲ್ಲ. ಒಂದೊಂದೇ ಎಲೆ ಬಿಡಿಸುತ್ತಲೇ ಇದ್ದರು. ಕಟ್ಟು ಮುಗಿದ ಮೇಲೆ ಅಂದರು:

"ಅತ್ತಿ ಬಡದಿದ್ದು ನನಗೂ ಕೇಳಿತ್ರಿ."

ಅವರು ಸೋಸಿದ ಕಡ್ಡಿಗಳನ್ನು ಬದಿಗೆ ಸರಿಸಿದರು.

"ನನ್ನ ಬೆನ್ನಿಗೇ ಬಡದಂಗ ಆಗಿತ್ತು. ಅಪ್ಪ ವ್ಯಾಳ್ಯಾ ಮೀರ್ತೈತಿ ಅಂದ. ತಿರುಗಿ ನೋಡಿದ್ರ ಸೀರಿ ಸುಕ್ಕಾಗ್ತಿತ್ತು. ನಾ ನೋಡ್ಲಿಲ್ಲ."

ಅವರು ಎದ್ದು ಗೋಡೆಯ ಹತ್ತಿರ ಹೋಗಿ ಆ ಫೋಟೋವನ್ನು ತೆಗೆದರು. ಸೆರಗಿನಿಂದ ಒರೆಸಿದರು. ಆಮೇಲೆ ಒಳಗಿದ್ದ ಹೊಸ ಸೊಸೆಯನ್ನು ಕೂಗಿದರು.

"ಬಾರವ್ವಾ ಇಲ್ಲೆ. ಇಕಿ ಯಾರಂತ ಕೇಳಿದ್ಯಲ್ಲ, ಕೂಡ್ರು. ಮದಲ ಇವ್ರು ಹೇಳ್ತಾರ. ಆಮ್ಯಾಲ ನಾ ಹೇಳ್ತೇನಿ."